ಎಲ್ಲ ಲೈಟೂ ಹಸಿರು, ಅರ್ಧ ಆಫೀಸು ಬಂದ್
ಮಳೆಗಾಲದಲ್ಲಿ ಒಂದು ದಿನ ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯೊಂದರಿಂದ ಫೋನ್ ಬಂತು. ಅರ್ಧ ಕಂಪ್ಯೂಟರ್‌ಗಳಿಗೆ ಸರ್ವರ್ ಸಿಗುತ್ತಿದೆ, ಅರ್ಧಕ್ಕೆ ಇಲ್ಲ. ಕಂಪ್ಯೂಟರ್‌ಗಳನ್ನು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನಲ್ಲಿ ಎಲ್ಲ ಲೈಟೂ ಹಸಿರು. "ಸಾರ್, ವೈರಸ್ಸಾ?" ಎಂದು ಅಲ್ಲಿನ ಹುಡುಗ ಕೇಳಿದ.

ವೈರಸ್ ಅಲ್ಲ. ಎರಡು ಕಟ್ಟಡಗಳ ನಡುವೆ ಎರಡು ಫೈಬರ್ ಲಿಂಕ್ ಇದ್ದವು. ತುದಿಗಳಲ್ಲಿ ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನು ಸ್ವಿಚ್‌ನ ತಾಮ್ರದ ಕೇಬಲ್‌ಗೆ ಹೊಂದಿಸುವ ಡಬ್ಬಿ. ಸುಮ್ನೆ ಎರಡು ಕೇಬಲ್ ಚುಚ್ಚಿದರೆ ಲೂಪ್ ಆಗಿ ಡೇಟಾ ಸುತ್ತುತ್ತಲೇ ಇರುತ್ತದೆ, ಅದನ್ನು ತಡೆಯುವ ಸ್ಪ್ಯಾನಿಂಗ್ ಟ್ರೀ ಇದ್ದರೆ ಅದು ಒಂದನ್ನು ಮುಚ್ಚಿಡುತ್ತದೆ. ಹಾಗಾಗಿ ಎರಡನ್ನೂ ಸೇರಿಸಿ ಒಂದೇ ಲಿಂಕ್ ಮಾಡಿದ್ದರು. ಅದು ಸರಿಯೇ. ಆದರೆ ಮೋಡ್ 'ಆನ್' ಇಟ್ಟಿದ್ದರು. ಆಗ ಸ್ವಿಚ್‌ಗಳು ಒಂದನ್ನೊಂದು ಏನೂ ವಿಚಾರಿಸುವುದಿಲ್ಲ. ಒಂದು ಫೈಬರ್ ತುಂಡಾಗಿದ್ದರೂ ಕನ್ವರ್ಟರ್ ಸ್ವಿಚ್‌ನ ಕಡೆಗೆ ಹಸಿರು ಲೈಟು ತೋರಿಸುತ್ತಲೇ ಇತ್ತು. ಸ್ವಿಚ್ ಪಾಪ, ಅದನ್ನು ನಂಬಿ ಅತ್ತಲೂ ಟ್ರಾಫಿಕ್ ಸುರಿಯುತ್ತಿತ್ತು. ಯಾವುದು ಯಾವ ಲಿಂಕ್‌ನಲ್ಲಿ ಹೋಗಬೇಕು ಎಂಬುದನ್ನು ಅದು ವಿಳಾಸ ನೋಡಿ ಲೆಕ್ಕ ಹಾಕುತ್ತದೆ. ಅದಕ್ಕೇ ಕೆಲವರಿಗೆ ಮಾತ್ರ ತೊಂದರೆ.

ಇದಕ್ಕೆ ಮದ್ದು ಎಲ್‌ಎಸಿಪಿ (ಲಿಂಕ್ ಅಗ್ರಿಗೇಶನ್ ಕಂಟ್ರೋಲ್ ಪ್ರೋಟೋಕಾಲ್), ಅಂದರೆ ಲಿಂಕ್‌ಗಳನ್ನು ಸೇರಿಸುವಾಗ ಸ್ವಿಚ್‌ಗಳು ಪರಸ್ಪರ ವಿಚಾರಿಸಿಕೊಳ್ಳುವ ಕ್ರಮ. 2000ದಲ್ಲಿ ಐಇಇಇ ಸಂಸ್ಥೆಯ 802.3ಎಡಿ ಮಾನದಂಡವಾಗಿ ಬಂದದ್ದು, 2008ರಿಂದ 802.1ಎಎಕ್ಸ್‌ನಲ್ಲಿದೆ. ಪ್ರತಿ ಪೋರ್ಟೂ ಆಚೆ ಬದಿಗೆ ಚಿಕ್ಕ ಪ್ಯಾಕೆಟ್ ಕಳಿಸುತ್ತದೆ: ನಾನು ಇಂಥ ಸ್ವಿಚ್, ಈ ಪೋರ್ಟ್ ಇಂಥ ಗುಂಪಿನದು, ನಿನ್ನಿಂದ ನನಗೆ ಕೇಳಿಸಿದ್ದು ಇಷ್ಟು. ಈ ಕೊನೆಯ ಮಾತೇ ಮುಖ್ಯ. ಎರಡೂ ಕಡೆಯ ಮಾತು ತಾಳೆಯಾದರೆ ಮಾತ್ರ ಆ ಲಿಂಕ್ ಗುಂಪಿಗೆ ಸೇರುತ್ತದೆ. ಒಂದು ಕೇಬಲನ್ನು ತಪ್ಪಿ ಬೇರೆ ಸ್ವಿಚ್‌ಗೆ ಚುಚ್ಚಿದರೂ ಸಿಕ್ಕಿಬೀಳುತ್ತದೆ.

ಎಲ್‌ಎಸಿಪಿಯಲ್ಲಿ ಮೋಡ್ ಎರಡು, ತಾನೇ ಮಾತು ಶುರುಮಾಡುವ ಆಕ್ಟಿವ್ ಮತ್ತು ಆಚೆಯವರೇ ಶುರುಮಾಡಲಿ ಎಂದು ಕಾಯುವ ಪ್ಯಾಸಿವ್. ಎರಡೂ ಕಡೆ ಪ್ಯಾಸಿವ್ ಇಟ್ಟರೆ ಆ ಸಂಬಂಧ ಕೂಡಿಬರುವುದಿಲ್ಲ. ಹುಡುಗನ ಕಡೆಯವರೇ ಕೇಳಲಿ ಎಂದು ಇವರು, ಹುಡುಗಿ ಕಡೆಯವರೇ ಕೇಳಲಿ ಎಂದು ಅವರು ಕೂತ ಹಾಗೆ. ನಾನು ಎರಡೂ ಕಡೆ ಆಕ್ಟಿವ್ ಇಡುತ್ತೇನೆ. ಪ್ಯಾಕೆಟ್ ಕಳಿಸುವ ಗತಿ ಸ್ಲೋ ಇದ್ದರೆ 30 ಸೆಕೆಂಡಿಗೊಂದು ಪ್ಯಾಕೆಟ್, 90 ಸೆಕೆಂಡು ಏನೂ ಬಾರದಿದ್ದರೆ ಲಿಂಕ್ ಹೊರಗೆ. ಫಾಸ್ಟ್ ಇದ್ದರೆ ಸೆಕೆಂಡಿಗೊಂದು, 3 ಸೆಕೆಂಡಿಗೆ ಹೊರಗೆ. ನಡುವೆ ಕನ್ವರ್ಟರ್ ಇದ್ದಲ್ಲಿ ಫಾಸ್ಟೇ ಬೇಕು.

ಒಂದು ಆಸೆ ಮಾತ್ರ ಬೇಡ. ಎರಡು ಒಂದು ಗಿಗಾಬಿಟ್ ಲಿಂಕ್ ಸೇರಿಸಿದರೆ ಒಂದು ದೊಡ್ಡ ಫೈಲ್ ಕಾಪಿ ಎರಡು ಪಟ್ಟು ಬೇಗ ಆಗುವುದಿಲ್ಲ. ಹೆಜಮಾಡಿ ಟೋಲ್‌ನಲ್ಲಿ ಲೇನ್ ಎಷ್ಟಿದ್ದರೂ ಒಂದು ಬಸ್ಸು ಒಂದೇ ಲೇನಲ್ಲಿ ಹೋಗಬೇಕು, ಅಲ್ವಾ? ಬಸ್ಸುಗಳು ಜಾಸ್ತಿ ಇದ್ದಾಗಲೇ ಲಾಭ.

ಫೈಬರ್ ಜೋಡಿಸಿ, ಮೋಡ್ ಬದಲಿಸಿದ ಮೇಲೆ ಕನ್ವರ್ಟರ್‌ನಿಂದ ಒಂದು ಫೈಬರ್ ಕೀಳಲು ಆ ಹುಡುಗನಿಗೆ ಹೇಳಿದೆ. ಅವನು ಹೆದರುತ್ತಲೇ ಕಿತ್ತ. ಸಂಪರ್ಕ ಇದೆಯೇ ಎಂದು ನೋಡಲು ಹಾಕಿದ್ದ ಪಿಂಗ್ ಮೂರು ಸೆಕೆಂಡು ನಿಂತಿತು. ಮತ್ತೆ ಶುರುವಾಯಿತು.