ಖಾರದ ಪುಡಿಯಲ್ಲಿ ಪೋಷಕಾಂಶ ಹೆಚ್ಚೋ, ದೊಣ್ಣೆಮೆಣಸಿನಕಾಯಿಯಲ್ಲೋ?

ಪ್ರಶ್ನೆ: ನಮ್ಮ ಹತ್ತು ವರ್ಷದ ಮಗ ದೊಣ್ಣೆಮೆಣಸಿನಕಾಯಿಯ ಹೋಳುಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿಬಿಡುತ್ತಾನೆ. ಬ್ಯಾಡಗಿ ಮೆಣಸಿನ ಪುಡಿ ಹಾಕಿದ ಸಾರನ್ನು ಮಾತ್ರ ಇಷ್ಟಪಟ್ಟು ಉಣ್ಣುತ್ತಾನೆ. ಪೋಷಕಾಂಶಗಳ ಪಟ್ಟಿಯೊಂದನ್ನು ನೋಡಿದರೆ ಕೆಂಪು ಮೆಣಸಿನ ಪುಡಿಯಲ್ಲಿ ವಿಟಮಿನ್ ಎ, ಕಬ್ಬಿಣ, ನಾರು ಎಲ್ಲವೂ ತರಕಾರಿಗಿಂತ ಎಷ್ಟೋ ಪಟ್ಟು ಹೆಚ್ಚಿವೆ. ಹಾಗಿದ್ದರೆ ತರಕಾರಿಯ ಬದಲು ಪುಡಿಯನ್ನೇ ಸ್ವಲ್ಪ ಹೆಚ್ಚು ಹಾಕಿದರೆ ಸಾಲದೇ?

ಉತ್ತರ: ಸಾಲದು. ಆದರೆ ನೀವು ನೋಡಿದ ಪಟ್ಟಿ ಸುಳ್ಳಲ್ಲ. ಅದನ್ನು ಓದುವ ಬಗೆಯಲ್ಲಿ ಒಂದು ತೊಡಕಿದೆ, ಮತ್ತು ಆ ತೊಡಕು ಅರ್ಥವಾದರೆ ಇಂಥ ಯಾವ ಪಟ್ಟಿಯೂ ನಿಮ್ಮನ್ನು ದಾರಿ ತಪ್ಪಿಸಲಾರದು.

ಖಾರದ ಪುಡಿಗೆ ಬಳಸುವ ಒಣಮೆಣಸಿನಕಾಯಿ ಮತ್ತು ದೊಣ್ಣೆಮೆಣಸಿನಕಾಯಿ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿಯವು. ಆದ್ದರಿಂದ ಈ ಹೋಲಿಕೆ ಅಣ್ಣ ತಮ್ಮಂದಿರ ಹೋಲಿಕೆಯಿದ್ದಂತೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಪ್ಯಾಪ್ರಿಕಾ ಎಂಬ, ಖಾರ ಕಡಿಮೆಯಿದ್ದು ಬಣ್ಣ ಗಾಢವಾಗಿರುವ ಮೆಣಸಿನ ಪುಡಿಯ ಅಂಕಿಗಳಿವೆ. ಗುಣದಲ್ಲಿ ಇದು ನಮ್ಮ ಬ್ಯಾಡಗಿ ಪುಡಿಗೆ ತೀರ ಹತ್ತಿರ. ಅದರ 100 ಗ್ರಾಂನಲ್ಲಿ ವಿಟಮಿನ್ ಎ ಸುಮಾರು 2,460 ಮೈಕ್ರೋಗ್ರಾಂ, ಕಬ್ಬಿಣ 21 ಮಿಲಿಗ್ರಾಂ, ನಾರು 35 ಗ್ರಾಂ, ಪ್ರೋಟೀನು 14 ಗ್ರಾಂ. ಹಸಿಯಾದ ಕೆಂಪು ದೊಣ್ಣೆಮೆಣಸಿನಕಾಯಿಯ 100 ಗ್ರಾಂನಲ್ಲಿ ಇವು ಕ್ರಮವಾಗಿ 157 ಮೈಕ್ರೋಗ್ರಾಂ, 0.43 ಮಿಲಿಗ್ರಾಂ, 2 ಗ್ರಾಂ ಮತ್ತು 1 ಗ್ರಾಂ. ಇಷ್ಟನ್ನೇ ನೋಡಿದವರಿಗೆ ತರಕಾರಿ ಬಡವಾಗಿ ಕಾಣುವುದು ಸಹಜ.

ಈಗ ಹಸಿ ಕಾಯಿಯನ್ನು ಹೆಚ್ಚಿ ನೋಡಿ. ಈಳಿಗೆಯ ಅಲಗು ಒದ್ದೆಯಾಗುತ್ತದೆ, ಹೆಚ್ಚಿದ ಅಂಚಿನಲ್ಲಿ ನೀರು ಹನಿಗಟ್ಟುತ್ತದೆ. ಆ ಕಾಯಿಯ ತೂಕದಲ್ಲಿ ಶೇ. 92ರಷ್ಟು ನೀರೇ ಇದೆ, ಪುಡಿಯಲ್ಲಿ ಇರುವುದು ಶೇ. 11ರಷ್ಟು ಮಾತ್ರ. ಲೆಕ್ಕ ಹಾಕಿದರೆ ಹನ್ನೊಂದು ಕಿಲೋಗೂ ಹೆಚ್ಚು ಹಸಿ ಕಾಯಿ ಒಣಗಿದಾಗ ಒಂದು ಕಿಲೋ ಪುಡಿಯಾಗುತ್ತದೆ. ಅಂದರೆ ಪುಡಿಯ ಹೆಚ್ಚುಗಾರಿಕೆಯ ಬಹುಪಾಲು ನೀರು ಆರಿಹೋದುದರ ಫಲವೇ ಹೊರತು ಹೊಸದಾಗಿ ಸೇರಿದ ಯಾವುದೋ ಸತ್ವದ ಫಲವಲ್ಲ.

ಇದೇ ಲೆಕ್ಕವನ್ನು ವಿಟಮಿನ್ ಸಿಗೆ ಅನ್ವಯಿಸಿದಾಗ ನಿಜವಾದ ವ್ಯತ್ಯಾಸ ಬಯಲಾಗುತ್ತದೆ. ಹಸಿ ಕೆಂಪು ದೊಣ್ಣೆಮೆಣಸಿನಕಾಯಿಯ 100 ಗ್ರಾಂನಲ್ಲಿ ಸುಮಾರು 128 ಮಿಲಿಗ್ರಾಂ ವಿಟಮಿನ್ ಸಿ ಇದೆ. ಹೋದದ್ದು ನೀರೊಂದೇ ಆಗಿದ್ದರೆ 100 ಗ್ರಾಂ ಪುಡಿಯಲ್ಲಿ 1,400 ಮಿಲಿಗ್ರಾಂಗಿಂತ ಹೆಚ್ಚು ಇರಬೇಕಿತ್ತು. ಪಟ್ಟಿಯಲ್ಲಿರುವುದು 0.9 ಮಿಲಿಗ್ರಾಂ. ಈ ವಿಟಮಿನ್ ಬಿಸಿ, ಗಾಳಿ, ಬೆಳಕು ಮೂರಕ್ಕೂ ಸುಲಭವಾಗಿ ನಾಶವಾಗುವಂಥದು. ಕಣದಲ್ಲಿ ದಿನಗಟ್ಟಲೆ ಬಿಸಿಲಿಗೆ ಬಿದ್ದು, ಗಿರಣಿಯಲ್ಲಿ ಬಿಸಿಯೇರಿ, ಡಬ್ಬಿಯಲ್ಲಿ ತಿಂಗಳುಗಳನ್ನು ಕಳೆದ ಪುಡಿಯಲ್ಲಿ ಅದು ಉಳಿಯುವುದಾದರೂ ಹೇಗೆ?

ಮೆಣಸಿನಕಾಯಿಗೂ ವಿಟಮಿನ್ ಸಿಗೂ ಇರುವ ನಂಟು ವಿಜ್ಞಾನದ ಚರಿತ್ರೆಯಲ್ಲೂ ದಾಖಲಾಗಿದೆ. 1930ರ ದಶಕದ ಆರಂಭದಲ್ಲಿ ಹಂಗೇರಿಯ ಸೆಗೆಡ್ ನಗರದಲ್ಲಿದ್ದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಈ ವಸ್ತುವನ್ನು ಸಾಕಷ್ಟು ಪ್ರಮಾಣದಲ್ಲಿ ಬೇರ್ಪಡಿಸಲಾಗದೆ ಒದ್ದಾಡುತ್ತಿದ್ದರು. ಪ್ರಾಣಿಗಳ ಗ್ರಂಥಿಯಿಂದ ದೊರೆಯುತ್ತಿದ್ದುದು ಅತ್ಯಲ್ಪ. ಕೊನೆಗೆ ಅವರಿಗೆ ಅದು ಕಿಲೋಗಟ್ಟಲೆ ಸಿಕ್ಕಿದ್ದು ಅಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಹಸಿ ಪ್ಯಾಪ್ರಿಕಾ ಮೆಣಸಿನಕಾಯಿಯಿಂದ. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಸೆಗೆಡ್ ಹೆಸರಾಗಿರುವುದು ಮೆಣಸಿನ ಪುಡಿಗೆ, ಆದರೆ ಅವರ ಪ್ರಯೋಗಾಲಯಕ್ಕೆ ನೆರವಾದದ್ದು ಹಸಿ ಕಾಯಿ ಎಂಬುದನ್ನು ನಾನು ವಿಶೇಷವಾಗಿ ಗಮನಕ್ಕೆ ತರಬಯಸುತ್ತೇನೆ.

ಇನ್ನು ಪಟ್ಟಿಯ 100 ಗ್ರಾಂ ಲೆಕ್ಕವನ್ನು ಬಿಟ್ಟು ತಟ್ಟೆಯ ಲೆಕ್ಕಕ್ಕೆ ಬರೋಣ. ಸಪಾಟಾಗಿ ತುಂಬಿದ ಒಂದು ಟೀ ಚಮಚ ಪುಡಿ ಸುಮಾರು 2.3 ಗ್ರಾಂ ತೂಗುತ್ತದೆ. ನಾಲ್ವರ ಸಾರಿಗೆ ಎರಡು ಚಮಚ ಹಾಕಿದರೂ ನಿಮ್ಮ ಮಗನ ಪಾಲಿಗೆ ಬರುವುದು ಒಂದು ಗ್ರಾಂನಷ್ಟು. ಅದರಿಂದ ದೊರೆಯುವುದು ಸುಮಾರು 28 ಮೈಕ್ರೋಗ್ರಾಂ ವಿಟಮಿನ್ ಎ ಮತ್ತು ಕಾಲು ಮಿಲಿಗ್ರಾಂ ಕಬ್ಬಿಣ. ಅರ್ಧ ದೊಣ್ಣೆಮೆಣಸಿನಕಾಯಿ, ಅಂದರೆ ಸುಮಾರು 75 ಗ್ರಾಂ, ಹಸಿಯಾಗಿ ತಿಂದರೆ 118 ಮೈಕ್ರೋಗ್ರಾಂ ವಿಟಮಿನ್ ಎ ಮತ್ತು 96 ಮಿಲಿಗ್ರಾಂ ವಿಟಮಿನ್ ಸಿ ದೊರೆಯುತ್ತದೆ. ದೊಡ್ಡ ಗಂಡಸಿಗೆ ದಿನಕ್ಕೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿರುವುದೇ 80 ಮಿಲಿಗ್ರಾಂ. ಆ 96 ಮಿಲಿಗ್ರಾಂ ವಿಟಮಿನ್ ಸಿಯನ್ನು ಪುಡಿಯಿಂದಲೇ ಪಡೆಯಬೇಕಾದರೆ ಹತ್ತು ಕಿಲೋಗಿಂತ ಹೆಚ್ಚು ಪುಡಿ ಬೇಕಾಗುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಹಸಿರು ಕಾಯಿಯ ಅಂಕಿಗಳು ಬೇರೆ: ಅದರ 100 ಗ್ರಾಂನಲ್ಲಿ ವಿಟಮಿನ್ ಸಿ ಸುಮಾರು 80 ಮಿಲಿಗ್ರಾಂ, ವಿಟಮಿನ್ ಎ ಮಾತ್ರ ತೀರ ಕಡಿಮೆ.

ಹಾಗೆಂದು ಖಾರದ ಪುಡಿಯನ್ನು ಹೀಗಳೆಯಬೇಕಿಲ್ಲ. ಅದರ ವಿಟಮಿನ್ ಎ ಬರುವುದು ಕ್ಯಾರೋಟಿನ್ ವರ್ಗದ ಬಣ್ಣದ ವಸ್ತುಗಳಿಂದ, ಮತ್ತು ಅವು ಎಣ್ಣೆಯಲ್ಲಿ ಕರಗುವಂಥವು. ಒಗ್ಗರಣೆಯ ಎಣ್ಣೆ ಬಿದ್ದ ಸಾರಿನಲ್ಲಿ ದೇಹ ಅವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಬಣ್ಣ ಕಂದದಿರಲೆಂದೇ ಹಾವೇರಿ ಜಿಲ್ಲೆಯ ಆ ಊರಿನ ವ್ಯಾಪಾರಸ್ಥರು ಕಾಯಿಯನ್ನು ಶೀತಲಗೃಹಗಳಲ್ಲಿ ಇಡುತ್ತಾರೆ. ಆದರೆ ಕಡುಗೆಂಪಿಗೆ ಮುಖ್ಯ ಕಾರಣವಾದ ಕ್ಯಾಪ್ಸಾಂಥಿನ್ ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುವುದಿಲ್ಲ, ಅದರ ಜೊತೆಗಿರುವ ಬೀಟಾ ಕ್ಯಾರೋಟಿನ್‌ನಂಥವು ಮಾರ್ಪಡುತ್ತವೆ. ಬಿಸಿಲು ಬೀಳುವ ಕಪಾಟಿನ ಗಾಜಿನ ಬಾಟಲಿಯಲ್ಲಿಟ್ಟ ಪುಡಿ ಬಿಳಿಚಿಕೊಂಡಿದ್ದರೆ ಬಣ್ಣದ ಜೊತೆ ಇವೂ ಕುಂದಿವೆಯೆಂದೇ ತಿಳಿಯಬೇಕು.

ಕಬ್ಬಿಣದ ವಿಷಯವನ್ನೂ ಹೇಳಬೇಕು. ಸಸ್ಯಮೂಲದ ಕಬ್ಬಿಣವನ್ನು ನಮ್ಮ ಕರುಳು ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಅದಕ್ಕೆ ಅದೇ ಊಟದಲ್ಲಿರುವ ವಿಟಮಿನ್ ಸಿಯ ನೆರವು ಬೇಕು. ಪುಡಿಯಲ್ಲಿ ಕಬ್ಬಿಣವಿದೆ, ಅದನ್ನು ದಕ್ಕಿಸಿಕೊಡುವ ವಿಟಮಿನ್ ಇಲ್ಲ. ಹಸಿ ಕಾಯಿಯಲ್ಲಿ ಆ ವಿಟಮಿನ್ ಧಾರಾಳವಾಗಿದೆ. ಹಾಗಾಗಿ ಒಂದರ ಬದಲು ಇನ್ನೊಂದು ಎನ್ನುವುದಕ್ಕಿಂತ ಎರಡೂ ಒಂದೇ ತಟ್ಟೆಯಲ್ಲಿರುವುದು ಲೇಸು.

ಇಷ್ಟಾದರೂ ಮಗು ದೊಣ್ಣೆಮೆಣಸಿನಕಾಯಿಯನ್ನೇ ತಿನ್ನಬೇಕೆಂಬ ಹಟ ಬೇಡ. ಕೆಂಪು ಕಾಯಿ ಹಸಿರಿಗಿಂತ ಸಿಹಿಯಾಗಿರುತ್ತದೆ. ಅದನ್ನು ಸಣ್ಣಗೆ ಹೆಚ್ಚಿ ಹೆಸರುಬೇಳೆ ಕೋಸಂಬರಿಗೆ ಬೆರೆಸಿ ನೋಡಿ, ಪಲ್ಯ ಮಾಡುವುದಾದರೆ ಬಹಳ ಹೊತ್ತು ಬೇಯಿಸಬೇಡಿ. ಅದೂ ಒಲ್ಲೆನೆಂದರೆ ಸೀಬೆಹಣ್ಣು ಕೊಡಿ: ಅದರ 100 ಗ್ರಾಂನಲ್ಲಿ ಸುಮಾರು 228 ಮಿಲಿಗ್ರಾಂ ವಿಟಮಿನ್ ಸಿ ಇದೆ, ಮತ್ತು ಅದಕ್ಕೆ ಉಪ್ಪಿನೊಂದಿಗೆ ಚಿಟಿಕೆ ಖಾರದ ಪುಡಿ ಉದುರಿಸಿಕೊಟ್ಟರೆ ನಿಮ್ಮ ಮಗ ಬೇಡವೆನ್ನಲಾರ.