ಹಡಗಿನ ಊಟದ ಸಾಲು ಬೆಳೆದದ್ದು ಹೇಗೆ?

ಕ್ರೂಸ್ ಹಡಗು ಹತ್ತಿದ ಮೊದಲ ದಿನದ ಮಧ್ಯಾಹ್ನವನ್ನೇ ತೆಗೆದುಕೊಳ್ಳಿ. ಕ್ಯಾಬಿನ್ ಇನ್ನೂ ಸಿದ್ಧವಾಗಿಲ್ಲ, ಒಂದೂವರೆಯ ಮೇಲೆ ಬನ್ನಿ ಎಂದಿರುತ್ತಾರೆ. ಹೆಗಲ ಮೇಲೆ ಬ್ಯಾಗು, ಪಕ್ಕದಲ್ಲಿ ಹಸಿದ ಮಕ್ಕಳು. ಹಡಗಿನ ಒಳದಾರಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಮೇಲಿನ ಡೆಕ್ಕಿನಲ್ಲಿ ಬಫೆ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ. ಎಲ್ಲರೂ ಅಲ್ಲಿಗೇ ಹತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಸಾಲು ಬಾಗಿಲು ದಾಟಿ ಈಜುಕೊಳದ ಹತ್ತಿರ ಬಂದಿರುತ್ತದೆ.

ಈ ಸಾಲಿನ ಬಗ್ಗೆ ತಕರಾರು ಹಳೆಯದು. ಹತ್ತಾರು ಸಲ ಹಡಗು ಹತ್ತಿದವರು ಮೊದಲು ಹೀಗಿರಲಿಲ್ಲ, ಈಗ ಎಲ್ಲದಕ್ಕೂ ಕತ್ತರಿ ಬಿದ್ದಿದೆ ಎನ್ನುತ್ತಾರೆ. ಪ್ರಯಾಣಿಕರ ರೂಢಿ ಬದಲಾಗಿದೆ, ನಾವೂ ಅದಕ್ಕೆ ತಕ್ಕಂತೆ ಬದಲಾಗಿದ್ದೇವೆ ಎಂಬುದು ಕಂಪನಿಗಳ ಮಾತು. ಮಧ್ಯೆ ವೈರಸ್ಸು, ಸಾಲ, ಹಡಗಿನ ಗಾತ್ರ, ಟಿಪ್ಸು, ಆಹಾರ ಪೋಲು ಎಂದು ಹತ್ತು ವಿಷಯ ಸೇರಿ ಗಂಟಾಗಿದೆ. ಎಳೆ ಸಿಗಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಮೇಲೆ ಪ್ರಯಾಣಿಕರನ್ನು ಒಯ್ಯಲು ಶುರುಮಾಡಿದವು, ಸಾಗರ ದಾಟಿಸುವ ಕೆಲಸ ಕಳೆದುಕೊಂಡ ಹಡಗುಗಳು ನಿಧಾನವಾಗಿ ಕ್ರೂಸ್‌ಗೆ, ಅಂದರೆ ಜನರನ್ನು ವಿಹಾರಕ್ಕೆ ಸುತ್ತಿಸುವ ಕೆಲಸಕ್ಕೆ ಇಳಿದವು. 1966ರಲ್ಲಿ ‘ಸನ್‌ವರ್ಡ್’ ಎಂಬ ಹಡಗು ಮಯಾಮಿಯಿಂದ ಕೆರಿಬಿಯನ್ ಕಡೆಗೆ ಹೊರಟಿತು. 1970ರಲ್ಲಿ ರಾಯಲ್ ಕೆರಿಬಿಯನ್ನಿನ ‘ಸಾಂಗ್ ಆಫ್ ನಾರ್ವೆ’ ಬಂತು. 1972ರಲ್ಲಿ ಕಾರ್ನಿವಲ್ ಕಂಪನಿಯ ಮೊದಲ ಹಡಗು ‘ಮಾರ್ಡಿ ಗ್ರಾ’ ಮೊದಲ ಪ್ರಯಾಣದಲ್ಲೇ ಮಯಾಮಿ ಬಳಿ ಮರಳದಿಬ್ಬಕ್ಕೆ ಸಿಕ್ಕಿ ನಿಂತಿತು. ಆಮೇಲೆ ಆ ಕಂಪನಿ ಹಿಂದೆ ತಿರುಗಿ ನೋಡಲಿಲ್ಲ ಬಿಡಿ.

ಆ ಹಳೆಯ ಅಟ್ಲಾಂಟಿಕ್ ಹಡಗುಗಳಲ್ಲಿ ದರ್ಜೆಗಳಿದ್ದವು. ಮೊದಲ ದರ್ಜೆಯವರ ಊಟದ ಮನೆ ಬೇರೆ, ಮೂರನೇ ದರ್ಜೆಯವರದು ಬೇರೆ. ಕ್ರೂಸ್ ಹಡಗುಗಳು ಇದನ್ನು ಹೆಚ್ಚುಕಡಿಮೆ ಕಿತ್ತುಹಾಕಿದವು. ಕ್ಯಾಬಿನ್ ಸಣ್ಣದೋ ದೊಡ್ಡದೋ, ಊಟ ಎಲ್ಲರಿಗೂ ಒಂದೇ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಎಲ್ಲರಿಗೂ ಒಂದೇ ಊಟ ಎಂದರೂ ಎಲ್ಲರನ್ನೂ ಒಟ್ಟಿಗೆ ಕೂರಿಸಲು ಜಾಗವಿರಲಿಲ್ಲ. ಅದಕ್ಕೆ ಎರಡು ಪಂಕ್ತಿ. ಮೊದಲ ಪಂಕ್ತಿ ಸಂಜೆ ಆರಕ್ಕೆ, ಎರಡನೆಯದು ಎಂಟರ ಮೇಲೆ. ಯಾವ ಪಂಕ್ತಿ, ಯಾವ ಟೇಬಲ್ಲು ಎಂಬುದು ಹಡಗು ಹತ್ತುವ ಮೊದಲೇ ತೀರ್ಮಾನ. ವಾರವಿಡೀ ಅದೇ ಜಾಗ, ಅದೇ ವೇಟರ್. ಮೂರನೇ ದಿನಕ್ಕೆ ನಿಮಗೆ ಕಾಫಿಗೆ ಸಕ್ಕರೆ ಬೇಡ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಕೊನೆಯ ರಾತ್ರಿ ಲಕೋಟೆಯಲ್ಲಿ ಟಿಪ್ಸ್ ಕೊಟ್ಟು ಬರುತ್ತಿದ್ದರು. ಈ ವ್ಯವಸ್ಥೆಯಲ್ಲೂ ಅರ್ಧ ಹಡಗು ಕಾಯುತ್ತಲೇ ಇತ್ತು. ಕಾಯುವುದು ಗಡಿಯಾರದಲ್ಲಿ ಅಡಗಿತ್ತು, ಅಷ್ಟೇ. ಎರಡನೇ ಪಂಕ್ತಿಯವರು ತಟ್ಟೆ ಹಿಡಿದು ನಿಲ್ಲುತ್ತಿರಲಿಲ್ಲ, ಡೆಕ್ಕಿನಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು.

ಆಗಿನ ಬಫೆ ಮುಖ್ಯವಾಗಿ ಬೆಳಗಿನ ತಿಂಡಿಗೆ ಮತ್ತು ಈಜುಡುಗೆಯಲ್ಲೇ ಮಧ್ಯಾಹ್ನ ಊಟ ಮುಗಿಸುವವರಿಗೆ. ಅದರ ಅಬ್ಬರದ ರೂಪ ಅಂದರೆ ನಡುರಾತ್ರಿಯ ಬಫೆ. ಮಂಜುಗಡ್ಡೆಯಲ್ಲಿ ಕೆತ್ತಿದ ಹಂಸ, ಹಣ್ಣಿನಲ್ಲಿ ಕೊರೆದ ಮುಖಗಳು, ಬೆಣ್ಣೆಯ ಬೊಂಬೆಗಳು. ಮೊದಲು ಫೋಟೋ ತೆಗೆಯುವವರನ್ನು ಒಳಗೆ ಬಿಡುತ್ತಿದ್ದರು, ತಿನ್ನುವವರು ಆಮೇಲೆ. ರಾತ್ರಿ ಊಟ ಮುಗಿಸಿದವರೇ ಮತ್ತೆ ಬರುತ್ತಿದ್ದರಿಂದ ಬಹಳಷ್ಟು ಪೋಲಾಗುವ ಊಟ ಅದು. ಒಂದೊಂದೇ ಹಡಗಿನಲ್ಲಿ ಅದು ನಿಂತಾಗ ಹಳಬರು ಮರುಗಿದರು. ಆ ಒಂದು ಕತ್ತರಿಯ ಮಟ್ಟಿಗೆ ನನಗೆ ಅಂಥ ಬೇಸರವಿಲ್ಲ.

ಇತ್ತ ಹಡಗು ಬೆಳೆಯುತ್ತಲೇ ಇತ್ತು. ‘ಸಾಂಗ್ ಆಫ್ ನಾರ್ವೆ’ ಕಟ್ಟಿದಾಗ ಅದರಲ್ಲಿ ಸುಮಾರು 700 ಪ್ರಯಾಣಿಕರು. 1988ರ ‘ಸಾವರಿನ್ ಆಫ್ ದಿ ಸೀಸ್’ನಲ್ಲಿ ಸುಮಾರು 2,300. 1999ರ ‘ವಾಯೇಜರ್’ನಲ್ಲಿ 3,100, 2009ರ ‘ಓಯಸಿಸ್’ನಲ್ಲಿ 5,400. 2024ರ ಜನವರಿಯಲ್ಲಿ ಹೊರಟ ‘ಐಕಾನ್ ಆಫ್ ದಿ ಸೀಸ್’ನಲ್ಲಿ ಕ್ಯಾಬಿನ್‌ಗೆ ಇಬ್ಬರಂತೆ 5,610. ಎಲ್ಲ ಹಾಸಿಗೆ ತುಂಬಿದರೆ 7,600.

ಪಂಕ್ತಿ ಮುರಿದದ್ದು 2000ದಲ್ಲಿ. ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಎಂಬ ಹೆಸರಿನಲ್ಲಿ, ಯಾವಾಗ ಬೇಕಾದರೂ ಬನ್ನಿ, ಯಾರ ಜೊತೆ ಬೇಕಾದರೂ ಕೂರಿ, ಕೋಟು ಟೈ ಬೇಡ ಎಂದಿತು. ಜನಕ್ಕೆ ಇಷ್ಟವಾಯಿತು. ಇಷ್ಟವಾಗದೆ ಏನು, ಏಳು ರಾತ್ರಿ ಅಪರಿಚಿತರ ಜೊತೆ ಕೂತು ನಗಲು ಎಲ್ಲರಿಗೂ ಆಗುತ್ತದೆಯೇ? ಉಳಿದ ಕಂಪನಿಗಳೂ ಒಂದೊಂದಾಗಿ ಇಂಥದೇ ವ್ಯವಸ್ಥೆ ತಂದವು. ಆದರೆ ಯಾವಾಗ ಬೇಕಾದರೂ ಬನ್ನಿ ಎಂದರೆ ಬಹಳ ಜನ ಏಳು ಗಂಟೆಗೇ ಬರುತ್ತಾರೆ. ಊಟದ ಮನೆಯ ಬಾಗಿಲಲ್ಲಿ ಜನ ಕಂಡ ಕೂಡಲೇ ಕೆಲವರು ಮೇಲೆ ಹತ್ತಿ ಬಫೆಗೆ ಹೋಗುತ್ತಾರೆ. ಹೀಗೆ ಬಫೆ ರಾತ್ರಿ ಊಟದ ಜಾಗವೂ ಆಯಿತು. ಗಡಿಯಾರದಲ್ಲಿದ್ದ ಸಾಲು ನೆಲಕ್ಕೆ ಇಳಿಯಿತು.

ಬಫೆ ಸಾಲಿನ ಲೆಕ್ಕ ಸ್ವಲ್ಪ ಮೋಸದ್ದು. ನಿಮಿಷಕ್ಕೆ 15 ಜನ ಬಡಿಸಿಕೊಂಡು ಹೋಗುವ ಕಡೆ 20 ಜನ ಬಂದರು ಅನ್ನಿ. ವ್ಯತ್ಯಾಸ ಬರೀ ಐದು. ಇಪ್ಪತ್ತು ನಿಮಿಷ ಕಳೆದರೆ 100 ಜನ ನಿಂತಿರುತ್ತಾರೆ, ಕೊನೆಯವರಿಗೆ ಆರೇಳು ನಿಮಿಷ ಕಾಯುವ ಕೆಲಸ. ಇಷ್ಟೇ ಆಗಿದ್ದರೆ ಪರವಾಗಿಲ್ಲ. ಆದರೆ ಒಂದೇ ಉದ್ದದ ಸಾಲು ನಡೆಯುವುದು ಅದರಲ್ಲಿರುವ ಅತಿ ನಿಧಾನದ ಮನುಷ್ಯನ ವೇಗದಲ್ಲಿ. ಒಬ್ಬರು ಇಕ್ಕಳ ಹಿಡಿದು ಯಾವ ಹಣ್ಣಿನ ಚೂರು ಒಳ್ಳೆಯದು ಎಂದು ಹುಡುಕುತ್ತಿದ್ದರೆ ಹಿಂದಿನ ನಲವತ್ತು ಜನ ಹುಡುಕಿದಂತೆಯೇ. ಆಮ್ಲೆಟ್ ಮಾಡುವ ಜಾಗದ್ದು ಇನ್ನೊಂದು ಕಥೆ. ಒಬ್ಬ ಅಡುಗೆಯವನು, ಎರಡು ಬಾಣಲೆ, ಒಂದಕ್ಕೆ ಎರಡು ನಿಮಿಷ. ಅರುವತ್ತು ಜನಕ್ಕೆ ಆಮ್ಲೆಟ್ ಬೇಕಾದರೆ ಒಂದು ಗಂಟೆ. ಬಂದರಿನಲ್ಲಿ ಇಳಿಯುವ ದಿನ ಬೆಳಗ್ಗೆ ಎಲ್ಲರಿಗೂ ಅದು ಎಂಟು ಗಂಟೆಯ ಒಳಗೇ ಆಗಬೇಕು.

ಇದಕ್ಕೆ ಹಡಗು ಕಟ್ಟುವವರು ಒಂದು ಉಪಾಯ ಮಾಡಿದರು. ಉದ್ದದ ಕಟ್ಟೆ ಒಡೆದು, ಅಲ್ಲಲ್ಲಿ ದ್ವೀಪದ ಹಾಗೆ ಕೌಂಟರ್ ಇಟ್ಟರು. ಸಲಾಡ್ ಒಂದು ಕಡೆ, ಬ್ರೆಡ್ ಒಂದು ಕಡೆ, ಬಿಸಿ ಊಟ ಇನ್ನೊಂದು ಕಡೆ. ಬೇಕಾದಲ್ಲಿಗೆ ನೇರ ಹೋಗಬಹುದು. ಇದು ನಿಜಕ್ಕೂ ಕೆಲಸ ಮಾಡಿತು, ಊಟಕ್ಕೆ ನಿಲ್ಲುವುದು ಕಡಿಮೆಯಾಯಿತು. ಈಗ ತುಂಬಿದ ತಟ್ಟೆ ಹಿಡಿದು ಖಾಲಿ ಕುರ್ಚಿ ಹುಡುಕುತ್ತಾ ಓಡಾಡಬೇಕು. ಆರುತ್ತಿರುವ ಸೂಪಿನ ಜೊತೆ.

2002ರಲ್ಲಿ ನೊರೊವೈರಸ್ ಬಂತು. ಹೊಟ್ಟೆ ಕೆಡಿಸುವ ಈ ವೈರಸ್ಸು ಹಡಗಿಗೇನೂ ಹೊಸದಲ್ಲ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಡಗುಗಳ ನೈರ್ಮಲ್ಯ ನೋಡುವ ವಿಭಾಗವನ್ನು 1975ರಲ್ಲೇ ಶುರುಮಾಡಿತ್ತು. ಆದರೆ ಆ ವರ್ಷ ಒಂದರ ಹಿಂದೆ ಒಂದು ಹಡಗು ಸುದ್ದಿಯಾಯಿತು. ಅಂದಿನಿಂದ ಶೇ. 3ರಷ್ಟು ಪ್ರಯಾಣಿಕರಿಗೆ ಹೊಟ್ಟೆ ಕೆಟ್ಟಿತು ಅಂದರೆ ಕಂಪನಿಗೆ ನಡುಕ, ಏಕೆಂದರೆ ಆ ಮಟ್ಟ ಮುಟ್ಟಿದ ಹಡಗಿನ ಹೆಸರು ಸಿಡಿಸಿಯ ಪಟ್ಟಿಗೆ ಬರುತ್ತದೆ. ಹಲವು ಹಡಗುಗಳಲ್ಲಿ ಮೊದಲ ಎರಡು ದಿನ ಪ್ರಯಾಣಿಕರು ಚಮಚ ಮುಟ್ಟುವಂತಿಲ್ಲ, ಸಿಬ್ಬಂದಿಯೇ ಬಡಿಸಬೇಕು ಎಂಬ ರೂಢಿ ಬಂತು. ಒಳ್ಳೆಯದೇ. ಆದರೆ ಬಡಿಸಲು ಹೆಚ್ಚು ಕೈಗಳು ಬೇಕು, ಸಾಲು ನಿಧಾನವಾಗುತ್ತದೆ. ಬಾಗಿಲಲ್ಲಿ ಕೈಗೆ ಜೆಲ್ ಹಾಕಿಸಿಕೊಂಡೇ ಒಳಗೆ ಹೋಗಬೇಕು. ತಮಾಷೆ ಎಂದರೆ ಆ ಆಲ್ಕೊಹಾಲ್ ಜೆಲ್‌ಗೆ ನೊರೊವೈರಸ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಹೊಸ ಹಡಗುಗಳಲ್ಲಿ ಬಫೆ ಬಾಗಿಲಲ್ಲೇ ಸಿಂಕ್ ಇಟ್ಟಿದ್ದು ಅದಕ್ಕೆ. ಸಿಂಕಿಗೂ ಒಂದು ಪುಟ್ಟ ಸಾಲು.

ಈ ವರ್ಷಗಳಲ್ಲೇ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯುತ್ತಿತ್ತು. ಟಿಕೆಟ್ ದರ ಕಡಿಮೆ ಕಾಣಬೇಕು, ಲಾಭ ಹಡಗಿನ ಒಳಗೆ ಹುಟ್ಟಬೇಕು. ಮದ್ಯ, ಕ್ಯಾಸಿನೊ, ಇಂಟರ್ನೆಟ್, ಸ್ಪಾ, ದುಡ್ಡು ಕೊಟ್ಟು ತಿನ್ನುವ ವಿಶೇಷ ರೆಸ್ಟೋರೆಂಟು. ದೊಡ್ಡ ಕಂಪನಿಗಳಲ್ಲಿ ಇಂಥ ಗಳಿಕೆ ಇವತ್ತು ಒಟ್ಟು ಆದಾಯದ ಸುಮಾರು ಮೂರನೇ ಒಂದು ಭಾಗ. ವೇಟರ್‌ಗೆ ಲಕೋಟೆ ಕೊಡುವುದು ಹೋಗಿ ತಲೆಗೆ ದಿನಕ್ಕಿಷ್ಟು ಡಾಲರ್ ಟಿಪ್ಸು ಬಿಲ್ಲಿಗೇ ಸೇರತೊಡಗಿತು. 2015ರಲ್ಲಿ ನಾರ್ವೇಜಿಯನ್ ಕ್ಯಾಬಿನ್‌ಗೆ ಊಟ ತಂದುಕೊಡಲು 7.95 ಡಾಲರ್ ಎಂದಿತು, ಎರಡು ವರ್ಷಕ್ಕೆ ರಾಯಲ್ ಕೆರಿಬಿಯನ್ ಕೂಡ ಅಷ್ಟನ್ನೇ ಇಟ್ಟಿತು. ಒಂದೊಂದೂ ಸಣ್ಣ ಮೊತ್ತ. ಆದರೆ ಸುತ್ತಲಿನ ಬಾಗಿಲುಗಳಿಗೆಲ್ಲ ಬೆಲೆ ಚೀಟಿ ಅಂಟಿಸಿದ ಮೇಲೆ ಜನ ಚೀಟಿ ಇಲ್ಲದ ಬಾಗಿಲಿಗೇ ನುಗ್ಗುತ್ತಾರೆ, ಅಲ್ವಾ? ಬಫೆಯ ನೂಕುನುಗ್ಗಲಿನ ಬಗ್ಗೆ ಮಾತಾಡುವಾಗ ಈ ಅಂಶವನ್ನು ಯಾಕೋ ಯಾರೂ ಎತ್ತುವುದಿಲ್ಲ.

ನಂತರ 2020. ಫೆಬ್ರುವರಿಯಲ್ಲಿ ಯೊಕೊಹಾಮಾ ಬಂದರಿನಲ್ಲಿ ‘ಡೈಮಂಡ್ ಪ್ರಿನ್ಸೆಸ್’ ನಿಂತಿತು. ಒಳಗೆ 3,711 ಜನ, ಅವರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್. ಮಾರ್ಚ್ ನಡುವಿಗೆ ಇಡೀ ಉದ್ಯಮ ಲಂಗರು ಹಾಕಿತು. ಮೇ ತಿಂಗಳಲ್ಲಿ ಜಪಾನಿನ ಎನ್‌ಎಚ್‌ಕೆ ವಾಹಿನಿ ಒಂದು ಪ್ರಯೋಗ ತೋರಿಸಿತು. ಹತ್ತು ಜನರ ಬಫೆ, ಒಬ್ಬನ ಕೈಗೆ ಮಾತ್ರ ವಿಶೇಷ ಬೆಳಕಿನಲ್ಲಿ ಹೊಳೆಯುವ ಬಣ್ಣ. ಅರ್ಧ ಗಂಟೆ ಕಳೆದು ನೋಡಿದರೆ ಎಲ್ಲರ ಕೈಯಲ್ಲೂ ಬಣ್ಣ, ಮೂವರ ಮುಖದ ಮೇಲೂ. ಬಫೆಯ ಕಥೆ ಮುಗಿಯಿತು ಎಂದು ಆಗ ಬಹಳ ಜನ ಬರೆದರು.

ಮುಗಿಯಲಿಲ್ಲ. 2021ರ ಜೂನ್ ಕೊನೆಗೆ ಅಮೆರಿಕದ ಬಂದರುಗಳಿಂದ ಹಡಗುಗಳು ಮತ್ತೆ ಹೊರಟವು, ಬಫೆಯಲ್ಲಿ ಸಿಬ್ಬಂದಿ ಬಡಿಸುತ್ತಿದ್ದರು. ಆ ದಿನಗಳದ್ದು ಒಂದು ವಿಚಿತ್ರ. ಹಡಗು ಅರ್ಧ ಖಾಲಿ, ಎಲ್ಲಿ ಹೋದರೂ ಜಾಗ, ಕರೆದ ಕೂಡಲೇ ಯಾರಾದರೂ ಬರುತ್ತಿದ್ದರು. ಹೋಗಿಬಂದವರು ಇಷ್ಟು ಒಳ್ಳೆಯ ಪ್ರಯಾಣ ಕಂಡೇ ಇಲ್ಲ ಎಂದರು. ಅವರೇ 2023ರಲ್ಲಿ ತುಂಬಿದ ಹಡಗು ಹತ್ತಿದರು. ಆಗಿನ ಸಿಟ್ಟಿನಲ್ಲಿ ಒಂದು ಪಾಲು ಈ ಹೋಲಿಕೆಯದು.

ಉಳಿದ ಪಾಲು ಲೆಕ್ಕದ ಪುಸ್ತಕದ್ದು. ಹಡಗು ನಿಂತಿದ್ದರೂ ಖರ್ಚು ನಿಲ್ಲುವುದಿಲ್ಲ. ಎಂಜಿನ್ ಓಡಬೇಕು, ನೋಡಿಕೊಳ್ಳಲು ಜನ ಇರಬೇಕು, ಕಂತು ಕಟ್ಟಬೇಕು. ಕಾರ್ನಿವಲ್ ಸಮೂಹದ ಸಾಲವೇ 2023ರ ಆರಂಭದಲ್ಲಿ 3,500 ಕೋಟಿ ಡಾಲರ್ ದಾಟಿತ್ತು. ಅದೇ ಹೊತ್ತಿಗೆ ಇಂಧನ ಮತ್ತು ದಿನಸಿ ದರ ಏರಿತು. ಹೆದರಿ ದೂರವಾದ ಜನರನ್ನು ವಾಪಸ್ ಕರೆಯಬೇಕಾದ್ದರಿಂದ ಟಿಕೆಟ್ ದರವನ್ನು ಕೂಡಲೇ ಏರಿಸುವಂತಿಲ್ಲ. ಹಾಗಾಗಿ ಸಾಲ ತೀರಿಸುವ ಭಾರ ಸಾಲಿನ ಮೇಲೆ ಬಿತ್ತು ಎಂದರೆ ತಪ್ಪಾಗದು.

2022ರ ಬೇಸಿಗೆಯಲ್ಲಿ ಕಾರ್ನಿವಲ್ ಹಡಗುಗಳ ಊಟದ ಮನೆಯಲ್ಲಿ ಮೂರನೇ ಮುಖ್ಯ ತಿನಿಸು ಕೇಳಿದರೆ 5 ಡಾಲರ್ ಎಂದಾಯಿತು. 2023ರ ಜನವರಿಗೆ ರಾಯಲ್ ಕೆರಿಬಿಯನ್ ಮೆನು ಬದಲಿಸಿತು. ಪ್ರತಿ ರಾತ್ರಿ ಸಿಗುತ್ತಿದ್ದ ಕೆಲವು ತಿನಿಸು ಹೋಗಿ ಒಂದು ರಾತ್ರಿ ಇಟಲಿ, ಒಂದು ರಾತ್ರಿ ಫ್ರಾನ್ಸ್ ಎಂಬಂತಾಯಿತು. ತಿನಿಸು ಕಡಿಮೆಯಾದರೆ ಅಡುಗೆಮನೆಗೂ ಕೆಲಸ ಹಗುರ. ದಿನಕ್ಕೆರಡು ಸಲ ಕ್ಯಾಬಿನ್ ಗುಡಿಸುವುದು ಕಂಪನಿಯಿಂದ ಕಂಪನಿಗೆ ಒಂದು ಸಲಕ್ಕೆ ಇಳಿಯಿತು. ಕೊಟ್ಟ ಕಾರಣಗಳು ಸುಳ್ಳೇನಲ್ಲ. ಆಹಾರ ಪೋಲಾಗುವುದು ನಿಜ, ಎರಡನೇ ಸಲ ಗುಡಿಸುವುದು ಬೇಡ ಎನ್ನುವವರು ಇರುವುದೂ ನಿಜ. ಸುಮ್ನೆ ಒಂದು ಗಮನಿಸಿ: ಪರಿಸರದ ಹೆಸರಿನಲ್ಲಿ ಆದ ಬದಲಾವಣೆಗಳಲ್ಲಿ ಸಿಬ್ಬಂದಿಯನ್ನು ಜಾಸ್ತಿ ಮಾಡಿದ್ದು ಒಂದೂ ಕಾಣುವುದಿಲ್ಲ.

ಸಿಬ್ಬಂದಿ ಜಾಸ್ತಿ ಮಾಡಬೇಕೆಂದರೂ ಅಷ್ಟು ಸುಲಭವಿಲ್ಲ. ಅವರು ಮಲಗುವುದು ನೀರಿನ ಮಟ್ಟದ ಆಸುಪಾಸಿನ ಡೆಕ್‌ಗಳಲ್ಲಿ. ಅಲ್ಲಿ ಎಷ್ಟು ಹಾಸಿಗೆ ಎಂಬುದು ಹಡಗಿನ ನಕ್ಷೆ ಬರೆದ ದಿನವೇ ನಿರ್ಧಾರವಾಗಿರುತ್ತದೆ. ಪ್ರಯಾಣಿಕರ ಸಂಖ್ಯೆ ಹಾಗಲ್ಲ. ಈ ಉದ್ಯಮದಲ್ಲಿ ಕ್ಯಾಬಿನ್‌ಗೆ ಇಬ್ಬರು ಎಂದರೆ ಶೇ. 100 ಭರ್ತಿ. ಶಾಲೆಗೆ ರಜೆ ಬಂದಾಗ ಗೋಡೆಗೆ ಮಡಿಚಿಟ್ಟ ಮೂರನೇ, ನಾಲ್ಕನೇ ಹಾಸಿಗೆ ಬಿಚ್ಚುತ್ತಾರೆ, ಭರ್ತಿ ಶೇ. 105 ದಾಟುತ್ತದೆ. ಪ್ರಯಾಣಿಕರು ಉಬ್ಬಿದರು, ಸಿಬ್ಬಂದಿ ಅಷ್ಟೇ. ಇರುವವರನ್ನೇ ಇನ್ನಷ್ಟು ದುಡಿಸೋಣ ಎಂದರೆ 2013ರಿಂದ ಜಾರಿಯಲ್ಲಿರುವ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದವಿದೆ. ದಿನಕ್ಕೆ ಕನಿಷ್ಠ 10 ಗಂಟೆ ವಿಶ್ರಾಂತಿ ಎನ್ನುತ್ತದೆ ಅದು. ಉಳಿದ ಹದಿನಾಲ್ಕರಲ್ಲಿ ಎಷ್ಟು ಹಿಂಡಬಹುದೋ ಹಿಂಡುವುದೇ ದಾರಿ. ಬಫೆಯಲ್ಲಿ ಕೊಳೆ ತಟ್ಟೆ ಎತ್ತಲು ಯಾರೂ ಬರಲಿಲ್ಲ ಎಂದು ಬೈಯುವ ಮೊದಲು ಆ ಹುಡುಗನ ಪಾಲಿಗೆ ಎಷ್ಟು ಟೇಬಲ್ಲಿದೆ ಎಂದು ಎಣಿಸಿದರೆ ಒಳ್ಳೆಯದು.

ಇನ್ನು ದರ್ಜೆಯ ವಿಷಯ. 2008ರಲ್ಲಿ ಎಂಎಸ್‌ಸಿ ಎಂಬ ಕ್ರೂಸ್ ಕಂಪನಿ ತನ್ನ ‘ಫ್ಯಾಂಟಸಿಯಾ’ ಹಡಗಿನ ಮುಂಭಾಗದಲ್ಲಿ ‘ಯಾಟ್ ಕ್ಲಬ್’ ಎಂಬ ಬೇರೆಯದೇ ಭಾಗ ಕಟ್ಟಿತು. ನಾರ್ವೇಜಿಯನ್ನಿನಲ್ಲಿ ‘ದಿ ಹೇವನ್’ ಬಂತು. ಇಲ್ಲಿಯವರಿಗೆ ಈಜುಕೊಳ, ಊಟದ ಜಾಗ ಎಲ್ಲ ಬೇರೆ. ಬಾಗಿಲು ತೆರೆಯಬೇಕಾದರೆ ಬೇರೆ ಕಾರ್ಡು. ಬೇರೆ ಕಂಪನಿಗಳು ಗೋಡೆ ಕಟ್ಟದಿದ್ದರೂ ಸೂಟ್ ಎಂಬ ದೊಡ್ಡ, ದುಬಾರಿ ಕ್ಯಾಬಿನ್‌ಗಳಲ್ಲಿ ಉಳಿದುಕೊಂಡವರಿಗೆ ಒಂದು ಊಟದ ಮನೆ ಮೀಸಲಿಟ್ಟವು. ಅಟ್ಲಾಂಟಿಕ್ ಹಡಗುಗಳ ಜೊತೆ ಹೋಗಿದ್ದ ಮೊದಲ ದರ್ಜೆ ಹೆಸರು ಬದಲಿಸಿಕೊಂಡು ಹತ್ತಿತ್ತು. ಇದರಲ್ಲಿ ಕಂಪನಿಗಳಿಗೆ ತಪ್ಪೇನೂ ಕಾಣುವುದಿಲ್ಲ, ಕೊಂಡವರಿಗೂ ಕಾಣುವುದಿಲ್ಲ. ಆದರೆ ಸಾಲು ತಪ್ಪಿಸುವುದೇ ಮಾರುವ ಸರಕಾದಾಗ ಸಾಲು ಪೂರ್ತಿ ಕರಗಲಿ ಎಂದು ಯಾರು ತಲೆಕೆಡಿಸಿಕೊಳ್ಳುತ್ತಾರೆ?

ಹಡಗು ಹತ್ತಿದ ಆ ಮೊದಲ ಮಧ್ಯಾಹ್ನಕ್ಕೆ ಬಂದರೆ, ಕೆಲವು ಹಡಗುಗಳಲ್ಲಿ ದೊಡ್ಡ ಊಟದ ಮನೆಯೂ ಅದೇ ಹೊತ್ತಿಗೆ ತೆರೆದಿರುತ್ತದೆ. ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಕೂತಲ್ಲಿಗೇ ಊಟ. ಕೆಲವೆಡೆ ಅದು ಎಲ್ಲರಿಗೂ, ಕೆಲವೆಡೆ ಸೂಟ್‌ನವರಿಗೆ ಮತ್ತು ಹಳೆಯ ಗಿರಾಕಿಗಳಿಗೆ ಮಾತ್ರ. ಬಾಗಿಲ ಬಳಿ ದೊಡ್ಡ ಬೋರ್ಡೇನೂ ಇರುವುದಿಲ್ಲ. ಮೇಲೆ ಈಜುಕೊಳದ ಪಕ್ಕ ತಟ್ಟೆ ಹಿಡಿದು ನಿಂತವರಿಗೆ ಅದು ಕಾಣುವುದೂ ಇಲ್ಲ. ಅದಿರುವುದು ಎಷ್ಟೋ ಡೆಕ್ ಕೆಳಗೆ.