ಟ್ಯೂಬ್ ಹಾಕುವ ಆ ಒಂದು ನಿಮಿಷ

ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಕೊಡವ ತಿಂಗಳ ಮಳೆ ಹಿಡಿದರೆ ಮಡಿಕೇರಿಯಲ್ಲಿ ಯಾರೂ ಕಿಟಕಿ ತೆರೆಯುವುದಿಲ್ಲ. ಮನೆಯಲ್ಲಿ ಹೇಗೋ ಆಸ್ಪತ್ರೆಯ ವಾರ್ಡಿನಲ್ಲೂ ಹಾಗೆಯೇ. ಎರಚಲು ಒಳಗೆ ಹೊಡೆಯುತ್ತದೆ, ಹಾಸಿಗೆ ಒದ್ದೆಯಾಗುತ್ತದೆ, ಜ್ವರದಲ್ಲಿರುವವರು ನಡುಗುತ್ತಾರೆ. ಮುಚ್ಚದೆ ಏನು ಮಾಡುವುದು? ಆದರೆ ಇನ್‌ಫ್ಲುಯೆಂಜಾ, ಕೋವಿಡ್, ಕ್ಷಯದಂಥ ಉಸಿರಿನಿಂದ ಹರಡುವ ಸೋಂಕಿನವರಿಗೆ ಉಸಿರಾಟ ಸೋತು, ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಬೇಕಾಗಿ ಬಂದಾಗ, ಮೊದಲು ನೋಡಬೇಕಾದದ್ದು ಆ ಮುಚ್ಚಿದ ಕಿಟಕಿಯನ್ನೇ.

ತೋಟದ ಕಾರ್ಮಿಕರ ಲೈನ್‌ಮನೆಯ ಒಲೆಯ ಹೊಗೆ ನೆನಪಿಸಿಕೊಳ್ಳಿ. ಬೆಂಕಿ ಆರಿಸಿದ ಮೇಲೂ ಹೊಗೆ ಸೂರಿನಡಿ ಬಹಳ ಹೊತ್ತು ನಿಂತಿರುತ್ತದೆ. ಕೆಮ್ಮಿನಿಂದ ಹೊರಟ ಸಣ್ಣ ಕಣಗಳೂ ಹಾಗೆಯೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಕೋಣೆಯ ಗಾಳಿಯಷ್ಟೇ ಹೊಸ ಗಾಳಿ ಗಂಟೆಗೆ 12 ಸಲ ಬಂದು ಹೋದರೆ, ತೇಲುವ ಕಣಗಳಲ್ಲಿ ನೂರಕ್ಕೆ 99 ಪಾಲು ಹೊರಹೋಗಲು 23 ನಿಮಿಷ ಬೇಕು. 6 ಸಲವಾದರೆ 46 ನಿಮಿಷ. 2 ಸಲ ಮಾತ್ರವಾದರೆ 138 ನಿಮಿಷ, ಎರಡು ಗಂಟೆಗೂ ಮೇಲೆ. ಅಷ್ಟರೊಳಗೆ ಮಾಸ್ಕ್ ಇಲ್ಲದೆ ನೆಲ ಒರೆಸಲು ಬಂದವರು ಉಸಿರಾಡುವುದು ಆ ಗಾಳಿಯನ್ನೇ. ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಒಂದನ್ನು ರೋಗಿಯ ತಲೆಯ ಕಡೆ ಕೂರಿಸಿ, ಹೊಸ ಗಾಳಿ ಸಿಬ್ಬಂದಿಯ ಬೆನ್ನಿನಿಂದ ರೋಗಿಯ ಕಡೆಗೆ ಹರಿಯುವಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಸೀಲಿಂಗ್ ಫ್ಯಾನ್ ಬಂದ್. ಸ್ಪ್ಲಿಟ್ ಏಸಿ ತಂಪು ಮಾಡುತ್ತದೆಯೇ ಹೊರತು ಗಾಳಿ ಬದಲಿಸುವುದಿಲ್ಲ. ಮರ ಬಿದ್ದು ಕರೆಂಟ್ ಹೋಗುವ ಊರಿನಲ್ಲಿ ಆ ಎಕ್ಸಾಸ್ಟ್ ಫ್ಯಾನಿನ ವೈರ್ ಜನರೇಟರಿನ ಲೈನಿಗೆ ಸೇರಿದೆಯೇ ಎಂದು ಬಿಸಿಲಿರುವಾಗಲೇ ನೋಡಿಕೊಳ್ಳಬೇಕು.

ಅಪಾಯ ಟ್ಯೂಬಿನಲ್ಲಿದೆಯೋ ಕೆಮ್ಮಿನಲ್ಲಿದೆಯೋ? 2003ರಲ್ಲಿ ಹಬ್ಬಿದ ಸಾರ್ಸ್ ಎಂಬ ಶ್ವಾಸಕೋಶದ ಸೋಂಕಿನ ಕಾಲದ ಅನುಭವಗಳನ್ನು ಒಟ್ಟು ಮಾಡಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಟ್ಯೂಬ್ ಹಾಕುವ ಕೆಲಸದಲ್ಲಿದ್ದವರಿಗೆ ಸೋಂಕು ತಗುಲುವ ಸಾಧ್ಯತೆ ಆರು ಪಟ್ಟಿಗೂ ಹೆಚ್ಚು ಎಂದಿತು. ಕೋವಿಡ್ ಬಂದ ಮೇಲೆ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಕಣಗಳನ್ನು ಎಣಿಸಿ ನೋಡಿದರೆ, ಪೂರ್ತಿ ಅರಿವಳಿಕೆ ಕೊಟ್ಟು ಸ್ನಾಯು ಸಡಿಲಿಸಿದವರಿಗೆ ಟ್ಯೂಬ್ ಹಾಕುವಾಗ ಹೊರಬಂದ ಕಣಗಳು ಒಂದು ಕೆಮ್ಮಿಗಿಂತ ಕಡಿಮೆ. ಎರಡೂ ನಿಜವೇ. ಅವಸರದಲ್ಲಿ, ಔಷಧ ಹಿಡಿಯುವ ಮೊದಲೇ, ಕೆಮ್ಮುತ್ತಿರುವವರ ಬಾಯಿಗೆ ಅರ್ಧ ಅಡಿ ದೂರದಲ್ಲಿ ಮುಖವಿಟ್ಟು ಮಾಡಿದ ಕೆಲಸ ಬೇರೆ. ಸಮಾಧಾನವಾಗಿ ಮಾಡಿದ್ದು ಬೇರೆ. ಹಾಗಾಗಿ ಮುಂದೆ ಹೇಳುವ ಕ್ರಮಗಳೆಲ್ಲ ಕೆಮ್ಮು ಬರದಂತೆ, ಉಸಿರು ಪೈಪಿನ ಹಾದಿ ಬಿಟ್ಟು ಹೊರಬೀಳದಂತೆ ನೋಡಿಕೊಳ್ಳಲಿಕ್ಕೇ ಇವೆ.

ಕೋಣೆಯೊಳಗೆ ಮೂವರು ಸಾಕು: ಟ್ಯೂಬ್ ಹಾಕುವವರು, ಕೈಗೆ ಸಾಮಾನು ಕೊಡುವವರು, ಔಷಧ ಕೊಟ್ಟು ಮಾನಿಟರ್ ನೋಡುವವರು. ಇನ್ನೊಬ್ಬರು ಬಾಗಿಲಾಚೆ. ಟ್ಯೂಬ್ ಹಾಕುವುದು ಅಲ್ಲಿದ್ದವರಲ್ಲಿ ಹೆಚ್ಚು ಕೈಪಳಗಿದವರೇ ಆಗಿರಬೇಕು. ಕಲಿಯುವ ಹೊತ್ತಲ್ಲ ಇದು. ಗಂಟಲೊಳಗನ್ನು ಕ್ಯಾಮೆರಾದಲ್ಲಿ ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಪರದೆ ನೋಡಿಕೊಂಡು ಮುಖ ಹಿಂದಕ್ಕಿಟ್ಟೇ ಕೆಲಸ ಮಾಡಬಹುದು. ಎನ್95 ಮಾಸ್ಕ್ 0.3 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ನೂರಕ್ಕೆ 95ನ್ನು ತಡೆಯುತ್ತದೆ, ಆದರೆ ಅಂಚು ಕೆನ್ನೆಗೆ ಕೂತಿದ್ದರೆ ಮಾತ್ರ. ಗಡ್ಡವಿದ್ದರೆ ಕೂರುವುದಿಲ್ಲ. ಹಾಕಿಕೊಂಡು ಜೋರಾಗಿ ಉಸಿರು ಬಿಟ್ಟಾಗ ಮೂಗಿನ ಪಕ್ಕ ಗಾಳಿ ಸೋಕಿದರೆ, ಕನ್ನಡಕದಲ್ಲಿ ಮಡಿಕೇರಿಯ ಮಂಜು ಕವಿದರೆ, ಮೂಗಿನ ಪಟ್ಟಿ ಒತ್ತಿ ಸರಿಮಾಡಬೇಕು. ಒದ್ದೆಯಾದ ಮಾಸ್ಕ್ ಬದಲಿಸಬೇಕು.

ಔಷಧಕ್ಕೆ ಮೊದಲು ಮೂರರಿಂದ ಐದು ನಿಮಿಷ, ರೋಗಿಯ ಮುಖಕ್ಕೆ ಬಿಗಿಯಾಗಿ ಹಿಡಿದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ. ಉಸಿರು ನಿಂತ ಮೇಲೆ ದೇಹ ನಡೆಯುವುದು ಶ್ವಾಸಕೋಶದಲ್ಲಿ ಕೂಡಿಟ್ಟ ಈ ಉಳಿತಾಯದ ಮೇಲೆ. ಆರೋಗ್ಯವಂತ ವಯಸ್ಕರಲ್ಲಿ ಸುಮಾರು ಎರಡು ಲೀಟರಿನ ಮೇಲಿರುತ್ತದೆ, ಖರ್ಚು ನಿಮಿಷಕ್ಕೆ ಕಾಲು ಲೀಟರ್. ಏಳೆಂಟು ನಿಮಿಷ ತಾಳುತ್ತದೆ. ನ್ಯುಮೋನಿಯಾದಲ್ಲಿ ಅದು ಒಂದೇ ನಿಮಿಷಕ್ಕೆ ಬರಿದಾಗಬಹುದು. ಮಾಸ್ಕನ್ನು ಒಂದು ಕೈಯಲ್ಲಿ ಹಿಡಿದರೆ ಅಂಚಿನಲ್ಲಿ ಸೋರುತ್ತದೆ. ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಮೇಲೆ ಒತ್ತಿ, ಉಳಿದ ಬೆರಳುಗಳಿಂದ ದವಡೆ ಎತ್ತಬೇಕು. ಮಾಸ್ಕಿಗೂ, ಕೈಯಲ್ಲಿ ಒತ್ತಿ ಉಸಿರು ಕೊಡುವ ಬ್ಯಾಗಿಗೂ ನಡುವೆ ವೈರಸ್ ತಡೆಯುವ ಫಿಲ್ಟರ್ ಇರಲೇಬೇಕು. ಅದರ ಜಾಗ ರೋಗಿಯ ಬಾಯಿಯ ಹತ್ತಿರ. ಯಂತ್ರದ ತುದಿಗೆ ಮಾತ್ರ ಸಿಕ್ಕಿಸಿದರೆ ಯಂತ್ರಕ್ಕೆ ರಕ್ಷಣೆ ಸಿಗುತ್ತದೆ, ಪೈಪ್ ಬಿಚ್ಚುವ ನರ್ಸಿಗಲ್ಲ.

ಬಳಿಕ ನಿದ್ರೆಯ ಔಷಧ, ಹಿಂದೆಯೇ ಸ್ನಾಯು ಸಡಿಲಿಸುವ ರೊಕುರೋನಿಯಂ, ದೇಹತೂಕದ ಪ್ರತಿ ಕೆಜಿಗೆ 1.2 ಮಿಲಿಗ್ರಾಂ. ಆಮೇಲೆ ಗಡಿಯಾರ ನೋಡಿ ಪೂರ್ತಿ 60 ಸೆಕೆಂಡು ಕಾಯುವುದು. ಆಮ್ಲಜನಕದ ಅಂಕಿ ಇಳಿಯುತ್ತಿರುವಾಗ ಅರವತ್ತು ಸೆಕೆಂಡು ಬಹಳ ಉದ್ದ, 40ಕ್ಕೇ ಕೈಹಾಕುವ ಆಸೆಯಾಗುತ್ತದೆ. ಹಾಗೆ ಕೈಹಾಕಿದಾಗಲೇ ಕೆಮ್ಮು ಬರುವುದು.

ಟ್ಯೂಬ್ ಒಳಗೆ ಹೋಯಿತು, ಹೆಂಗಸರಿಗೆ ಹಲ್ಲಿನ ಹತ್ತಿರ 21 ಸೆಂ.ಮೀ., ಗಂಡಸರಿಗೆ 23. ತಕ್ಷಣ ಬ್ಯಾಗ್ ಒತ್ತಬಾರದು. ಟ್ಯೂಬಿನ ತುದಿಯ ಹತ್ತಿರ ಒಂದು ಸಣ್ಣ ಬಲೂನಿದೆ. ಇಂಗ್ಲಿಷಿನಲ್ಲಿ ಅದನ್ನು ಕಫ್ ಅನ್ನುತ್ತಾರೆ, ಕೆಮ್ಮಿಗೂ ಕಫ್ ಅನ್ನುತ್ತಾರೆ, ನಮಗೋ ಕಫವೆಂದರೆ ಮೂರನೆಯದು. ಬಲೂನನ್ನು ಮೊದಲು ಉಬ್ಬಿಸಬೇಕು. ಇಲ್ಲದಿದ್ದರೆ ಮೊದಲ ಒತ್ತಿಗೇ ಗಾಳಿ ಟ್ಯೂಬಿನ ಸುತ್ತಲಿನ ಸಂದಿಯಿಂದ ಮೇಲೆ ನುಗ್ಗಿ ನೇರ ಟ್ಯೂಬ್ ಹಾಕಿದವರ ಮುಖಕ್ಕೆ ಬಡಿಯುತ್ತದೆ. ಬಲೂನಿನ ಒತ್ತಡ 20ರಿಂದ 30 ಸೆಂ.ಮೀ. ಎತ್ತರದ ನೀರಿನ ಒತ್ತಡದಷ್ಟಿರಬೇಕು. ಕಡಿಮೆಯಾದರೆ ಸೋರುತ್ತದೆ, ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯುವುದಿಲ್ಲ. ಬೆರಳಲ್ಲಿ ಹಿಸುಕಿ ಅಂದಾಜು ಮಾಡುವ ಅಭ್ಯಾಸವಿದೆ, ನಂಬುವಂಥದ್ದಲ್ಲ, ಮಾಪಕ ಬೇಕು. ಟ್ಯೂಬ್ ಸರಿಯಾದ ಜಾಗದಲ್ಲಿದೆಯೇ ಎಂಬುದಕ್ಕೆ ಸ್ಟೆತಸ್ಕೋಪ್ ಅಲ್ಲ, ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಕ್ಯಾಪ್ನೋಗ್ರಾಫಿನ ಅಲೆಯೇ ಸಾಕ್ಷಿ.

ಮುಂದೆ ಎಂದಾದರೂ ಪೈಪ್ ಬಿಚ್ಚಬೇಕಾದರೆ, ವೆಂಟಿಲೇಟರ್ ನಿಲ್ಲಿಸಿ, ಟ್ಯೂಬಿಗೆ ಕ್ಲ್ಯಾಂಪ್ ಹಾಕಿ, ಆಮೇಲೆ ಬಿಚ್ಚುವುದು. ಫಿಲ್ಟರ್ ರೋಗಿಯ ಕಡೆಯೇ ಉಳಿಯಬೇಕು. ತಂತಿ ಸುತ್ತಿದ ಟ್ಯೂಬಿಗೆ ಮಾತ್ರ ಕ್ಲ್ಯಾಂಪ್ ಸಲ್ಲದು, ಒಮ್ಮೆ ಚಪ್ಪಟೆಯಾದರೆ ಮತ್ತೆ ಅರಳುವುದಿಲ್ಲ.

2020ರಲ್ಲಿ ರೋಗಿಯ ತಲೆಯ ಮೇಲೆ ಅಕ್ರಿಲಿಕ್ ಪೆಟ್ಟಿಗೆಯಿಟ್ಟು ಎರಡು ತೂತಿನಲ್ಲಿ ಕೈತೂರಿಸುವ ಉಪಾಯ ಎಲ್ಲೆಡೆ ಹಬ್ಬಿತ್ತು. ನೋಡಲು ಚೆಂದ. ಕೈ ಆಡದೆ ಕೆಲಸ ತಡವಾಗುತ್ತಿತ್ತು, ತೂತಿನಿಂದ ಕಣಗಳು ಬರುವುದೂ ಕಂಡಿತು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ಔಷಧ-ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಪೆಟ್ಟಿಗೆಗಳಿಗೆ ಕೊಟ್ಟಿದ್ದ ತುರ್ತು ಅನುಮತಿ ಹಿಂಪಡೆಯಿತು. ಆ ದುಡ್ಡಿಗೆ ಎಕ್ಸಾಸ್ಟ್ ಫ್ಯಾನ್ ಬರುತ್ತದೆ.

ಕೊಡಗಿನಲ್ಲಿ ಕೆಲಸ ಇಲ್ಲಿಗೆ ಮುಗಿಯದೆ ಇರಬಹುದು. ಎಷ್ಟೋ ಸಲ ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸಬೇಕಾಗುತ್ತದೆ. ಆಂಬುಲೆನ್ಸಿನ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕ. ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರಿನಂತೆ 100 ನಿಮಿಷ ಬರುತ್ತದೆ. ಮಳೆಗಾಲದ ಮೈಸೂರು ರಸ್ತೆಗೆ ಅದು ಸಾಲದು, ಎರಡಾದರೂ ಬೇಕು. ದಾರಿಯಲ್ಲಿ ಉಸಿರು ಸೋಲಬಹುದೆಂಬ ಅನುಮಾನವಿದ್ದರೆ ಹೊರಡುವ ಮೊದಲೇ ಟ್ಯೂಬ್ ಹಾಕುವುದು ಲೇಸು. ಘಾಟಿಯ ತಿರುವಿನಲ್ಲಿ, ಮುಚ್ಚಿದ ವಾಹನದಲ್ಲಿ ಹಾಕುವುದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮಂಗಳೂರಿಗೆಂದು ಸಂಪಾಜೆ ಘಾಟಿ ಇಳಿಯುವವರು ಇನ್ನೊಂದು ಗಮನಿಸಬೇಕು. ಮಡಿಕೇರಿಯಿಂದ ಸುಳ್ಯಕ್ಕೆ ಸುಮಾರು 1000 ಮೀಟರ್ ಇಳಿತ. ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚೇ ಏರುತ್ತದೆ. ಮಡಿಕೇರಿಯಲ್ಲಿ ಉಬ್ಬಿಸಿದ ಟ್ಯೂಬಿನ ಬಲೂನು ಅಷ್ಟರಮಟ್ಟಿಗೆ ಕುಗ್ಗುತ್ತದೆ, ಪಕ್ಕದಿಂದ ಉಸಿರು ಸೋರತೊಡಗುತ್ತದೆ. ಸುಳ್ಯದಲ್ಲಿ ಒಮ್ಮೆ ನಿಲ್ಲಿಸಿ ಮಾಪಕ ಹಚ್ಚಿ ಒತ್ತಡ ಸರಿಮಾಡಿಕೊಳ್ಳಬೇಕು. ಡ್ರೈವರಿಗೂ ರೋಗಿಗೂ ನಡುವಿನ ಕಿಟಕಿ ಅಲ್ಲಿಯವರೆಗೂ, ಅಲ್ಲಿಂದ ಮುಂದಕ್ಕೂ ಮುಚ್ಚಿರಲಿ.